ಒಂದು ಕಿತ್ತಳೆ ತಿನ್ನುವಷ್ಟು ಹೊತ್ತು

ಆಗೆಲ್ಲ ಜೀಪನ್ನೂ ಮನೆಯವರ ಲೆಕ್ಕಕ್ಕೇ ಸೇರಿಸುತ್ತಿದ್ದರು. ಚಳಿಗೆ ಅದೂ ಕೆಮ್ಮುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು, ಬೆಳಗ್ಗೆ ನನ್ನನ್ನು ಎಬ್ಬಿಸಿದ ಹಾಗೆ ಅದನ್ನೂ ಬೈದು, ಮುದ್ದು ಮಾಡಿ ಎಬ್ಬಿಸಬೇಕಿತ್ತು. ಕೀ ತಿರುಗಿಸಿದೊಡನೆ ಬಾಯಿ ಮುಚ್ಚಿಕೊಂಡು ಓಡುವ ಇವತ್ತಿನ ಗಾಡಿಗಳನ್ನು ಕಂಡವರಿಗೆ ಇದು ಅರ್ಥವಾಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ನಮ್ಮದು ಕೊಡಗಿನ ಶಿರಂಗಾಲ. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆಸಿದವರು. ರಾಗಿ ಕಣ ಮುಗಿದು ಹುಲ್ಲು ಬಣವೆ ಸೇರಿದ ಮೇಲೆ ಅಪ್ಪ, ಅವ್ವ, ನಾನು ಪಾತ್ರೆ ಕಂಬಳಿ ಕಟ್ಟಿಕೊಂಡು ಆ ಹಳೇ ಡೀಸೆಲ್ ಜೀಪಿನಲ್ಲಿ ಕಕ್ಕಬೆಗೆ ಹೊರಡುತ್ತಿದ್ದೆವು. ಕಾಫಿ ಪಿಕಿಂಗ್ ಮುಗಿಯುವವರೆಗೆ ಎಸ್ಟೇಟಿನ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಒಂದು ಕೋಣೆಯೇ ನಮ್ಮ ಬಿಡಾರ. ಲೈನು ಕೆಳಗೆ, ತೋಟ ಬೆಟ್ಟದ ಮೇಲೆ. ಬೆಳಗ್ಗೆ ಆಳುಗಳನ್ನು ಮೇಲಕ್ಕೆ ಹತ್ತಿಸುವುದು, ಸಂಜೆ ಹಣ್ಣಿನ ಮೂಟೆಗಳ ಸಮೇತ ಇಳಿಸುವುದು ಅಪ್ಪನ ಕೆಲಸ. ಹಣ್ಣು ಕೊಯ್ಯುವುದು ಅವ್ವನದು. ತೋಟದ ಮಗ್ಗುಲಲ್ಲೇ ಒಂದು ಕೋಣೆಯ ಶಾಲೆಯಿದ್ದುದರಿಂದ ನಾನೂ ದಿನಾ ಮುಂದಿನ ಸೀಟಿನಲ್ಲಿ ಇಬ್ಬರ ನಡುವೆ ಮುದುಡಿ ಕೂರುತ್ತಿದ್ದೆ. ಡೀಸೆಲ್, ಒದ್ದೆ ಗೋಣಿ, ಅವ್ವನ ಬುತ್ತಿಯ ಅಕ್ಕಿರೊಟ್ಟಿ ಮತ್ತು ಹುರುಳಿ ಚಟ್ನಿ, ಇವೆಲ್ಲದರ ವಾಸನೆ ಸೇರಿದರೆ ನನಗೆ ಈಗಲೂ ಬೆಳಗಾದ ಹಾಗೆ ಅನ್ನಿಸುತ್ತದೆ.

ಒಂದು ವರ್ಷ ಜೀಪಿಗೆ ಏರು ಹತ್ತಲಾಗಲಿಲ್ಲ. ಅರ್ಧ ಆಳುಗಳು ಬುಡದಲ್ಲೇ ಇಳಿದು ನಡೆಯಬೇಕಾಯಿತು. ಆಳುಗಳ ಲೆಕ್ಕ ಬರೆಯುವ ಎಸ್ಟೇಟಿನ ರೈಟರು ಗಡಿಯಾರ ನೋಡಿಕೊಂಡು ನಿಂತಿರುತ್ತಿದ್ದರು. ಒಂದು ದಿನ ಹೇಳಿಯೇಬಿಟ್ಟರು: "ಎಲ್ಲರನ್ನೂ ಒಂದೇ ಸಲಕ್ಕೆ ಹತ್ತಿಸೋದಾದ್ರೆ ಹತ್ಸು. ಆಗಲ್ವಾ, ಹೇಳ್ಬಿಡು. ನಾನು ಬೇರೆ ಪಿಕಪ್ ಮಾಡ್ಕೊಳ್ತೀನಿ."

ಆ ಕೆಲಸ ಹೋದರೆ ಅಪ್ಪ ದೂರದ ಲಾರಿಗೆ ಹೋಗಬೇಕಿತ್ತು. ಅವ್ವ ಆಗ ಬಸುರಿ. ನಾನು ಹುಟ್ಟಿ ಎಷ್ಟೋ ವರ್ಷಕ್ಕೆ ಮನೆಗೆ ಬರಲಿದ್ದ ಕೂಸು. "ಲಾರಿ ಮಾತ್ರ ಬ್ಯಾಡ, ಈ ಸಲ ನೀನು ಮನೇಲಿರ್ಬೇಕು" ಎಂದು ಅವಳು ಗೋಗರೆದದ್ದು ಲೈನಿನ ತೆಳ್ಳಗಿನ ಗೋಡೆಗಳಾಚೆ ಎಲ್ಲರಿಗೂ ಕೇಳಿತ್ತು.

ಅಪ್ಪ ಜೀಪನ್ನು ನಾಪೋಕ್ಲಿನ ಮೆಕ್ಯಾನಿಕ್ ಉಮ್ಮರ್ ಕಾಕನ ಶೆಡ್ಡಿಗೆ ಬಿಟ್ಟ. ಕಾಕ ಗುಜರಿಗೆ ಬಂದಿದ್ದ ಯಾವುದೋ ಗಾಡಿಯ ಟರ್ಬೊ ಬಿಚ್ಚಿಟ್ಟುಕೊಂಡಿದ್ದರು. ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಗಂಟು. ಅದನ್ನು ಜೀಪಿಗೆ ಕೂರಿಸುವಾಗ ನಾನು ಪಕ್ಕದಲ್ಲೇ ನಿಂತು ಪ್ರಶ್ನೆ ಕೇಳಿ ಕೇಳಿ ಕಾಕನ ತಲೆ ತಿಂದೆ. ಮಗಳನ್ನು ಕರೆಯುವ ಹಾಗೆ ಅವರು ನನ್ನನ್ನು ಮೋಳೇ ಎನ್ನುತ್ತಿದ್ದರು.

"ಹೊಗೆ ಸುಮ್ನೆ ಹೊರಗೆ ಹೋಗ್ತದಲ್ಲ ಮೋಳೇ, ಹೋಗುವಾಗ ಇದರೊಳಗಿನ ಒಂದು ಚಕ್ರ ತಿರುಗಿಸ್ತದೆ. ಆ ಚಕ್ರ ಇನ್ನೊಂದು ಚಕ್ರ ತಿರುಗಿಸಿ ಎಂಜಿನಿಗೆ ಗಾಳಿ ತುರುಕ್ತದೆ. ಜಾಸ್ತಿ ಗಾಳಿ, ಜಾಸ್ತಿ ದಮ್ಮು. ಅಷ್ಟೇ ಮಾರಾಯ್ತಿ, ಇನ್ನು ಸಾಕು ಮಾಡು!"

ಆಮೇಲೆ ಅಪ್ಪನ ಕಡೆ ತಿರುಗಿದಾಗ ಕಾಕನ ಮುಖದಲ್ಲಿ ನಗು ಇರಲಿಲ್ಲ. "ಒಂದು ವಿಷಯ. ಏರು ಹತ್ತಿದ ಕೂಡ್ಲೇ ಆಫ್ ಮಾಡ್ಬಾರ್ದು. ಚಕ್ರ ಕೆಂಪಗೆ ಕಾದಿರ್ತದೆ, ತಿರುಗ್ತಾ ಇರ್ತದೆ. ಎಂಜಿನ್ ನಿಂತ್ರೆ ಆಯಿಲ್ ನಿಲ್ತದೆ. ಆಯಿಲ್ ಇಲ್ದೆ ಸುಟ್ಟು ಹೋಗ್ತದೆ. ಸುಮ್ನೆ ಓಡ್ಲಿಕ್ಕೆ ಬಿಡು, ಒಂದು ಕಿತ್ತಳೆ ಸುಲಿದು ತಿನ್ನುವಷ್ಟು ಹೊತ್ತು."

ಜೀಪಿಗೆ ಹೊಸ ಜೀವ ಬಂತು. ತುಂಬಿದ ಆಳುಗಳ ಸಮೇತ ಸಿಳ್ಳೆ ಹಾಕಿಕೊಂಡು ಏರು ಹತ್ತಿದಾಗ ಹಿಂದಿನವರೆಲ್ಲ ಹೋ ಎಂದರು. ಅಪ್ಪ ಮೀಸೆಯಡಿಯಲ್ಲಿ ನಗುತ್ತಿದ್ದ. ಆ ವರ್ಷ ಕಳೆದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ.

ಏರು ಮುಗಿದಲ್ಲಿಗೇ ದೇವರಕಾಡು ಶುರು. ಅಲ್ಲಿ ಒಣಗಿದ ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಕಾಡಿನ ಬಾಯಲ್ಲೇ ಅಯ್ಯಪ್ಪನ ಕಲ್ಲು, ಸುತ್ತ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು, ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ಪಾಚಿ. ಯಾವ ಗಾಡಿಯಾದರೂ ಅಲ್ಲಿ ನಿಂತು ಎಂಜಿನ್ ಆಫ್ ಮಾಡಲೇಬೇಕು. ಸದ್ದಡಗಿದ ಮೇಲೆ ಕೈಮುಗಿದು ಮುಂದೆ ಹೋಗಬೇಕು. ಏರಿನ ಮಧ್ಯೆ ನಿಲ್ಲಿಸಿ ಕಾಯೋಣವೆಂದರೆ ತುಂಬಿದ ಜೀಪು ಹಿಂದಕ್ಕೆ ಜಾರುತ್ತಿತ್ತು. ಹಾಗಾಗಿ ಅಪ್ಪ ಕಲ್ಲಿನ ಮುಂದೆಯೇ ನಿಲ್ಲಿಸಿ, ಎಂಜಿನ್ ಓಡಲು ಬಿಟ್ಟು, ಜೇಬಿನಿಂದ ಕಿತ್ತಳೆ ತೆಗೆಯುತ್ತಿದ್ದ.

ಆಗ ಕಾಫಿ ತೋಟದ ತುಂಬ ಕಿತ್ತಳೆ ಮರಗಳಿದ್ದವು. ಸಡಿಲ ಸಿಪ್ಪೆಯ, ಉಗುರು ತಾಗಿದರೆ ಕಣ್ಣಿಗೆ ಘಾಟು ಚಿಮ್ಮುವ ನಮ್ಮ ಕೊಡಗಿನ ಕಿತ್ತಳೆ. ಅಪ್ಪ ಸುಲಿದು ತೊಳೆ ಹಂಚುತ್ತಿದ್ದ. "ಇದು ಪುಟ್ಟಿಗೆ. ಇದು ಅವ್ವಂಗೆ. ಇದು ಒಳಗಿರೋನಿಗೆ." ಒಳಗಿರುವವನ ಪಾಲನ್ನೂ ಅವ್ವನೇ ತಿನ್ನುತ್ತಿದ್ದಳು. ನನಗೆ ಹೊಟ್ಟೆಯುರಿ. "ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಪಾಲು ಕೇಳ್ತಾನೆ!" ಎಂದರೆ ಇಬ್ಬರೂ ನಗುತ್ತಿದ್ದರು. ಹಿಂದಿನಿಂದ ಯಾರಾದರೂ ಒಬ್ಬಳು, "ಎಂಥ ಡ್ರೈವರಣ್ಣ, ದೇವ್ರಿಗಿಂತ ಮೊದ್ಲು ನೈವೇದ್ಯ ನಿಂಗಾ?" ಎಂದು ಕಿಚಾಯಿಸುತ್ತಿದ್ದಳು. ಕೊನೇ ತೊಳೆ ಬಾಯಿಗೆ ಬಿದ್ದ ಮೇಲೆ ಅಪ್ಪ ಕೀ ತಿರುಗಿಸುತ್ತಿದ್ದ. ಕಾಡಿನ ಸದ್ದು ಒಂದೊಂದಾಗಿ ಕೇಳತೊಡಗುತ್ತಿತ್ತು. ನಾವು ಕೈಮುಗಿಯುತ್ತಿದ್ದೆವು.

ಪಿಕಿಂಗ್ ಇನ್ನೂ ಅರ್ಧದಲ್ಲಿರುವಾಗ ಅವ್ವ ಕಾಫಿ ಗಿಡದ ಬುಡದಲ್ಲೇ ಕುಸಿದಳು. ಶಾಲೆಯ ಕಿಟಕಿಯಿಂದ ನಾನು ನೋಡಿದ್ದು ಕಂಬಳಿಯಲ್ಲಿ ಸುತ್ತಿ ಅವಳನ್ನು ಜೀಪಿಗೆ ಎತ್ತಿದ್ದನ್ನು ಮಾತ್ರ. ಅವರಿಬ್ಬರೂ ಆಸ್ಪತ್ರೆಯಿಂದ ಮರಳುವವರೆಗೆ ಪಕ್ಕದ ಕೋಣೆಯವರು ನನ್ನನ್ನು ನೋಡಿಕೊಂಡರು. ಅವ್ವ ಬಂದಾಗ ಹೊಟ್ಟೆ ಬರಿದಾಗಿತ್ತು. ತಮ್ಮ ಎಲ್ಲಿ ಎಂದು ಕೇಳಬಾರದೆಂದು ಯಾರೂ ಹೇಳಿಕೊಡಲಿಲ್ಲ, ಆದರೂ ನಾನು ಕೇಳಲಿಲ್ಲ.

ಲೈನಿನಲ್ಲಿ ಮಾತು ಹುಟ್ಟಿತು. ತಮಾಷೆ ಮಾಡುತ್ತಿದ್ದ ಬಾಯಿಗಳೇ ಈಗ ಬೇರೆ ಹೇಳಿದವು. ದೇವರ ಮುಖಕ್ಕೆ ಹೊಗೆ ಬಿಟ್ಟು, ಗುರುಗುಟ್ಟುವ ಗಾಡಿಯಲ್ಲಿ ಕೂತು ಹಣ್ಣು ತಿಂದರೆ ಇನ್ನೇನಾಗುತ್ತದೆ? ಅವ್ವ ಅದನ್ನೆಲ್ಲ ಮಲಗಿದಲ್ಲಿಂದಲೇ ಕೇಳಿಸಿಕೊಂಡಳು. ಮತ್ತೆ ಕೆಲಸಕ್ಕೆ ಹೊರಟ ಬೆಳಗ್ಗೆ ಜೀಪು ಹತ್ತುವ ಮುಂಚೆ ಅಪ್ಪನ ತೋಳು ಹಿಡಿದುಕೊಂಡಳು.

"ಇವತ್ತಿಂದ ಕಲ್ಲಿನ ಮುಂದೆ ನಿಂತ ತಕ್ಷಣ ಆಫ್ ಮಾಡ್ಬೇಕು."

"ಟರ್ಬೊ ಸುಟ್ಟೋಗುತ್ತೆ ಕಣೇ. ಕಾಕ ಹೇಳಿದ್ದು ನಿಂಗೂ ಗೊತ್ತಲ್ಲ."

"ನಂದು ಸುಟ್ಟೋಯ್ತಲ್ಲ, ಅದು?"

ಅವತ್ತು ಏರು ಹತ್ತಿ ನಿಂತೊಡನೆ ಅಪ್ಪ ಕೀ ತಿರುಗಿಸಿಬಿಟ್ಟ. ಬಾನೆಟ್ಟಿನೊಳಗೆ ಆ ಸಿಳ್ಳೆ ಸ್ವಲ್ಪ ಹೊತ್ತು ಒಂಟಿಯಾಗಿ ಸುತ್ತಿ ಸೊರಗಿತು. ಅವ್ವ ಕಣ್ಣು ಮುಚ್ಚಿ ಕೈಮುಗಿದಿದ್ದಳು. ಅಪ್ಪ ಬಾನೆಟ್ಟನ್ನೇ ನೋಡುತ್ತಿದ್ದ. ಜೇಬಿನ ಕಿತ್ತಳೆ ಜೇಬಿನಲ್ಲೇ ಉಳಿಯಿತು. ಮರುದಿನವೂ ಹಾಗೆಯೇ, ಆಮೇಲೂ ಹಾಗೆಯೇ.

ಪಿಕಿಂಗ್ ಮುಗಿಯಲು ಇನ್ನೇನು ಸ್ವಲ್ಪ ಬಾಕಿ. ಏರಿನಲ್ಲಿ ಸಿಳ್ಳೆ ಹೋಗಿ ಕಬ್ಬಿಣ ಕೆರೆಯುವ ಸದ್ದು ಬಂತು, ಹಿಂದೆ ನೀಲಿ ಹೊಗೆ. ಹೇಗೋ ಮೇಲಕ್ಕೆ ಮುಟ್ಟಿಸಿ ಅಪ್ಪ ಕೀ ತಿರುಗಿಸಿದ. ಎಂಜಿನ್ ನಿಲ್ಲಲಿಲ್ಲ. ಕೀಯನ್ನೇ ಕಿತ್ತುಕೊಂಡ, ನಿಲ್ಲಲಿಲ್ಲ. ಸುಟ್ಟ ಟರ್ಬೊ ಎಂಜಿನ್ನಿನ ಆಯಿಲನ್ನೇ ಅದರ ಬಾಯಿಗೆ ಸುರಿಯುತ್ತಿತ್ತಂತೆ, ಎಂಜಿನ್ ಅದನ್ನೇ ಕುಡಿದು ಓಡುತ್ತಿತ್ತಂತೆ. ಆಗ ನಮಗೆ ಕಂಡದ್ದು ಇಷ್ಟೇ: ದೇವರ ಮುಂದೆ ಜೀಪು ತಾನಾಗಿಯೇ ಕಿರುಚತೊಡಗಿತು, ಜೋರಾಗಿ, ಇನ್ನೂ ಜೋರಾಗಿ. ಆಳುಗಳು ಧುಮುಕಿ ಓಡಿದರು. ಮಣ್ಣಿನ ನಾಯಿಗಳು ಹೊಗೆಯಲ್ಲಿ ಮರೆಯಾದವು. "ಅಯ್ಯಪ್ಪಾ, ನಿಲ್ಸಪ್ಪಾ!" ಎಂದು ಅವ್ವ ಎದೆ ಬಡಿದುಕೊಂಡಳು. ಅಪ್ಪ ಬಾನೆಟ್ ಎತ್ತಿ, ಅವಳ ಹೆಗಲ ಕಂಬಳಿ ಎಳೆದುಕೊಂಡು, ಗಾಳಿ ಎಳೆಯುವ ಬಾಯಿಗೆ ಎರಡೂ ಕೈಯಿಂದ ತುರುಕಿದ. ಜೀಪು ಒಮ್ಮೆ ನಡುಗಿ ನಿಂತಿತು. ಮತ್ತೆಂದೂ ಓಡಲಿಲ್ಲ.

ಉಮ್ಮರ್ ಕಾಕ ನಾಪೋಕ್ಲಿನಿಂದ ಬಂದು ಟರ್ಬೊ ಬಿಚ್ಚಿದರು. ಒಳಗೆಲ್ಲ ಕರಕಲು. "ಕಾಯಲಿಲ್ವಾ ನೀನು? ಅಷ್ಟು ಹೇಳಿದ್ದೆನಲ್ಲ ಮಾರಾಯ!"

ಅವ್ವ ಅಲ್ಲೇ ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಲೂ ಇಲ್ಲ. "ನಂದೇ ತಪ್ಪು ಕಾಕ. ಮರ್ತೋಯ್ತು" ಎಂದ.

ಅಪ್ಪ ಒಂದು ದಿನವೂ ಮರೆತವನಲ್ಲ. ಅದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜೀಪು ಗುಜರಿಗೆ ಹೋಯಿತು. ಅಪ್ಪ ಲಾರಿಗೆ ಹೋದ. ಹಬ್ಬಕ್ಕೊಮ್ಮೆ ಬಂದು ನೆಂಟನ ಹಾಗೆ ಇದ್ದು ಹೋಗುತ್ತಿದ್ದ. ಕೊನೆಗೊಂದು ದಿನ ಯಾವುದೋ ಊರಿನ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿ ಮಲಗಿದವನು ಏಳಲಿಲ್ಲ. ಅವ್ವ ಕಿತ್ತಳೆ ತಿನ್ನುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹುಳಿ ಆಗಲ್ಲ, ಹಲ್ಲು ಜುಮ್ ಅನ್ನುತ್ತೆ ಎನ್ನುತ್ತಿದ್ದಳು. ಸುಳ್ಳು. ಹುಣಸೆಹಣ್ಣನ್ನು ಚೀಪುತ್ತಿದ್ದಳು.

ನಾನೀಗ ಕುಶಾಲನಗರದಲ್ಲಿ ಗಿಡಗಳ ನರ್ಸರಿ ನಡೆಸುತ್ತೇನೆ. ನನ್ನ ಪಿಕಪ್ಪಿಗೆ ಟರ್ಬೊ ಕಂಪನಿಯಿಂದಲೇ ಬಂದಿದೆ, ಅದು ಇದೆಯೆಂದು ಯಾರೂ ಹೇಳಿಕೊಳ್ಳುವುದೂ ಇಲ್ಲ. ಕಳೆದ ಚಳಿಗಾಲದಲ್ಲಿ ಕಕ್ಕಬೆಯ ಹೋಂಸ್ಟೇ ಒಂದಕ್ಕೆ ಗಿಡ ತಲುಪಿಸಲು ಹೊರಟಾಗ ಅವ್ವ ತಾನೂ ಬರುತ್ತೇನೆಂದಳು. ದಾರಿಯಲ್ಲಿ ನಾಪೋಕ್ಲಿನಲ್ಲಿ ಗಾಡಿ ನಿಲ್ಲಿಸಲು ಹೇಳಿ ಅಂಗಡಿಯಿಂದ ಏನನ್ನೋ ತಂದು ಚೀಲಕ್ಕೆ ಹಾಕಿಕೊಂಡಳು.

ಏರಿಗೆ ಕಾಂಕ್ರೀಟು ಹಾಕಿದ್ದಾರೆ. ದೇವರಕಾಡು ತೆಳ್ಳಗಾಗಿ ಆಚೆಯ ಬೆಳಕು ಕಾಣುತ್ತದೆ. ನಮ್ಮ ಮುಂದಿದ್ದ ಪ್ರವಾಸಿಗರ ಜೀಪುಗಳು ಕಲ್ಲಿನ ಮುಂದೆ ನಿಲ್ಲದೆ ಹಾರ್ನ್ ಹೊಡೆದುಕೊಂಡು ಹೋದವು. ನಾನು ನಿಲ್ಲಿಸಿ ಕೀಗೆ ಕೈ ಹಾಕಿದೆ.

"ಆಫ್ ಮಾಡ್ಬೇಡ" ಎಂದಳು ಅವ್ವ. "ಸ್ವಲ್ಪ ಹೊತ್ತು ಓಡ್ಲಿ."

ಚೀಲದಿಂದ ಕಿತ್ತಳೆ ತೆಗೆದಳು. ಎಲ್ಲಿಂದಲೋ ಬಂದ ದಪ್ಪ ಸಿಪ್ಪೆಯ ಹಣ್ಣು, ನಮ್ಮದಲ್ಲ. ನಮ್ಮದು ಈಗ ಹುಡುಕಿದರೂ ಸಿಗುವುದಿಲ್ಲ. ವಯಸ್ಸಾದ ಬೆರಳಿಗೆ ಅದನ್ನು ಸುಲಿಯಲು ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಕೈ ಚಾಚಿದರೆ ತಳ್ಳಿಬಿಟ್ಟಳು.

"ಇದು ಪುಟ್ಟಿಗೆ" ಎಂದು ನನಗೊಂದು ತೊಳೆ ಕೊಟ್ಟಳು. ಇನ್ನೊಂದನ್ನು ಸ್ಟೇರಿಂಗಿನ ಮುಂದೆ ಇಟ್ಟಳು. "ಇದು ಅಪ್ಪಂಗೆ." ಮೂರನೆಯದನ್ನು ಯಾರಿಗೆಂದು ಹೇಳಲಿಲ್ಲ, ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು.

ಎಂಜಿನ್ ಓಡುತ್ತಲೇ ಇತ್ತು. ನಾನು ತೊಳೆ ಬಾಯಿಗೆ ಹಾಕಿಕೊಂಡೆ.

"ತಿಂದಾಯ್ತಾ?" ಎಂದು ಕೇಳಿದಳು. ಆಯ್ತು ಎಂದು ತಲೆಯಾಡಿಸಿದೆ.

"ಈಗ ಆಫ್ ಮಾಡು."