ಗುಡ್ಡವಿಲ್ಲದ ಗೆರೆ

ಮೊನ್ನೆ ಮೊಬೈಲಿನ ಗಾಜು ಒಡೆದು, ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋಗಿದ್ದೆ. ಹುಡುಗ ಹೊಸ ಗಾಜು ಅಂಟಿಸಿ, ಅಂಟು ಒಣಗಲೆಂದು ನೇರಳೆ ಬೆಳಕಿನ ಪುಟ್ಟ ದೀಪ ಹಚ್ಚಿದ. ನನ್ನ ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣವಿತ್ತು. ಅದೇನು ತೋಚಿತೋ, ಒಂದು ಬೀಜವನ್ನು ಬೆಳಕಿನ ಕೆಳಗೆ ಹಿಡಿದೆ.

“ಕ್ಯಾ ಸಾಬ್, ಶೇಂಗಾಕ್ಕೂ ಗ್ಲಾಸ್ ಹಾಕಿಸ್ತೀರಾ?” ಎಂದ ಹುಡುಗ.

ಇಂಥದೇ ಬೆಳಕನ್ನು ಹಿಂದೆ ನನಗೆ ತೋರಿಸಿದ್ದವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಲ್ಯಾಬ್ ಮೇಡಂ.

ಮೊಳಕಾಲ್ಮೂರಿನವಳು. ಮನೆಮಾತು ತೆಲುಗು. ಎಣ್ಣೆ ಮಿಲ್ಲುಗಳ ಬೀದಿಯ ಲ್ಯಾಬೊಂದರಲ್ಲಿ ಕೆಲಸ. ದೂರದ ದೇಶಕ್ಕೆ ಹೋಗುವ ಶೇಂಗಾದಲ್ಲಿ ಬೂಷ್ಟು ಬಿಟ್ಟ ವಿಷ ಇದೆಯೇ ಎಂದು ನೋಡುವುದು. ಕೋರ್ಟಿನ ನಿವೃತ್ತ ಗುಮಾಸ್ತನಾದ ನಾನು ಒಮ್ಮೆ ಅವಳ ಲ್ಯಾಬಿನ ಪರೀಕ್ಷಾ ಯಂತ್ರದ ದರ್ಶನಕ್ಕೆ ಹೋಗಿದ್ದೆ. ಇಡೀ ಚಳ್ಳಕೆರೆ ಬೇಯುತ್ತಿದ್ದಾಗ ಏಸಿಯಲ್ಲಿ ತಣ್ಣಗಿದ್ದ ಏಕೈಕ ಪ್ರಜೆ ಅದು. ನೇರಳೆ ಬೆಳಕಿನಡಿ ಕೆಟ್ಟ ಬೀಜ ಮಿನುಗಬಹುದು, ಆದರೆ ಅದು ಬರೀ ಅನುಮಾನವಂತೆ, ತೀರ್ಪು ಯಂತ್ರದ್ದು. ಬೀಜವನ್ನು ಅರೆದು, ದ್ರಾವಣದಲ್ಲಿ ಕುಲುಕಿ, ಸೋಸಿ ಒಳಗೆ ಬಿಟ್ಟರೆ ಅದು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ವಿಷವಿದ್ದ ಕಡೆ ಗೆರೆ ಗುಡ್ಡವಾಗಿ ಏಳುತ್ತಿತ್ತು. “ನಮ್ಮೂರಿನ ಗುಡ್ಡದಂಗೆ ಸರ್, ಮುಚ್ಚಿಡಾಕಾಗಲ್ಲ” ಎನ್ನುತ್ತಿದ್ದಳು.

ನನ್ನ ಜೊತೆಗಿದ್ದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಬಿ.ಜಿ. ಕೆರೆಯಿಂದ ಬಂದು, ನನ್ನ ಬ್ರಹ್ಮಚರ್ಯದ ಅಡಿಗೆಮನೆಯನ್ನು ವಶಪಡಿಸಿಕೊಂಡವಳು. ಸಂಜೆ ರೊಟ್ಟಿ ಬಡಿದಾದ ಮೇಲೆ ಮೆಟ್ಟಿಲಿನ ಕಂಬಿಗೆ ಸೌಟಿನಿಂದ ಟಣ್ ಟಣ್ ಎನಿಸುತ್ತಿದ್ದಳು. ಮೇಡಂ ಇಳಿದು ಬರುತ್ತಿದ್ದಳು. ಚಳ್ಳಕೆರೆಯಲ್ಲಿ ಅವಳು ಕೂತು ಮಾತಾಡುತ್ತಿದ್ದ ಜಾಗ ನಮ್ಮ ಅಡಿಗೆಮನೆಯೊಂದೇ.

ಒಂದು ಸಂಜೆ ರೊಟ್ಟಿಗೆ ಶೇಂಗಾ ಪುಡಿ ಹಚ್ಚಿಕೊಳ್ಳುತ್ತ ಸುಮ್ಮನೆ ಕೇಳಿದಳು, “ಅಕ್ಕಯ್ಯ, ನಿಮ್ಮ ಹೊಲದ ಮುರುಕು, ಕರಿ ಬೀಜ ಏನ್ ಮಾಡ್ತೀರಿ?”

“ಗಟ್ಟಿ ಬೀಜ ಮಂಡಿಗೆ, ಮುರುಕು ಮನೆಗೆ. ನೀನು ತಿಂತಾ ಇದೀಯಲ್ಲೇ, ಅದೇ.”

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. ಆದರೂ ಆ ತುತ್ತನ್ನು ತಿಂದಳು... ಅದು ನನಗೆ ಚೆನ್ನಾಗಿ ನೆನಪಿದೆ. ಹೋಗುವಾಗ ಒಂದಿಷ್ಟು ಪುಡಿ ಕಟ್ಟಿಸಿಕೊಂಡಳು. ರುಚಿ ಹತ್ತಿತೆಂದು ಅಕ್ಕ ಹಿಗ್ಗಿದಳು.

ಮುಂದಿನ ವಾರ ಮೇಡಂ ಅಡಿಗೆಮನೆಯ ಬಾಗಿಲಲ್ಲಿ ಕಾಗದ ಹಿಡಿದು ನಿಂತಳು. ಅದರಲ್ಲಿ ಒಂದು ಗುಡ್ಡವಿತ್ತು.

“ಹುರಿದೀನಲ್ಲೇ! ಬೆಂಕಿಗೆ ಯಾವ ವಿಷ ನಿಲ್ತೈತೆ?”

“ಇದು ನಿಲ್ತೈತೆ ಅಕ್ಕಯ್ಯ. ಇವತ್ತಿಗಿವತ್ತೇ ಏನೂ ಆಗಲ್ಲ. ನಿಧಾನಕ್ಕೆ ಲಿವರ್‌ಗೆ ಹೊಡೀತೈತೆ.”

“ಅಂದ್ರೆ ಇಷ್ಟು ವರ್ಷ ಇವನಿಗೆ ನಾನು ವಿಷ ಇಕ್ಕೀನಿ ಅಂತೀಯ? ಗುಂಡುಕಲ್ಲಿನಂಗೆ ಅವ್ನೆ, ನೋಡು!”

ಸಾಕ್ಷ್ಯವಾಗಿ ನನ್ನನ್ನು ಹಾಜರುಪಡಿಸಲಾಯಿತು. ಸಾಧ್ಯವಾದಷ್ಟು ಆರೋಗ್ಯವಂತನಾಗಿ ನಿಂತೆ. ನ್ಯಾಯಾಲಯಕ್ಕೆ ಸಮಾಧಾನವಾಗಲಿಲ್ಲ.

“ಹೇಳ್ದೆ ಇರಾಕೆ ಆಗ್ಲಿಲ್ಲ ಅಕ್ಕಯ್ಯ” ಎಂದಷ್ಟೇ ಹೇಳಿ ಮೇಡಂ ಮೆಟ್ಟಿಲೇರಿದಳು. ಹೇಳಿದರೆ ಏನು ಕಳೆದುಕೊಳ್ಳುತ್ತಾಳೆಂದು ಅವಳಿಗೆ ಗೊತ್ತಿತ್ತು. ಯಂತ್ರಕ್ಕೆ ಅದು ಗೊತ್ತಿರಲಿಲ್ಲ.

ಅಂದಿನಿಂದ ಸೌಟು ಕಂಬಿಗೆ ತಾಗಲಿಲ್ಲ. ಸಂಜೆಯಾದರೆ ಮಹಡಿಯಿಂದ ಬರೀ ಅನ್ನ ಬೇಯುವ ವಾಸನೆ. ಕೆಳಗೆ ಅಕ್ಕ ಮೂರನೆಯ ರೊಟ್ಟಿಯ ಹಿಟ್ಟನ್ನು ಅಭ್ಯಾಸಬಲದಿಂದ ಕಲಸಿ, ಆಮೇಲೆ ಆ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕುತ್ತಿದ್ದಳು. ಸಂಧಾನಕ್ಕೆಂದು ನಾನು ಮಹಡಿಗೆ ಒಂದೆರಡು ಬಾರಿ ಹೋಗಿ, ಹವಾಮಾನದ ಬಗ್ಗೆ ಚರ್ಚಿಸಿ ಬಂದೆ. ಒಂದೇ ಮನೆಯಲ್ಲಿ ಮೂವರೂ ಒಂಟಿಯಾಗಿದ್ದೆವು...

ಮುಂದಿನ ಸುಗ್ಗಿಗೆ ನನ್ನಿವಾಳದಲ್ಲಿರುವ ನಮ್ಮ ಹೊಲದ ಶೇಂಗಾ ಬಂತು. ಅಕ್ಕ ಮೊರ ಹಿಡಿದು ಕೂತಳು. ಗಟ್ಟಿ ಬೀಜದಲ್ಲಿ ಒಂದು ಪಾಲು ಮನೆಗೆ ಎತ್ತಿಟ್ಟು, ಕರಿ ಬೀಜ, ಬೂಷ್ಟು ಹಿಡಿದದ್ದನ್ನೆಲ್ಲ ಒಲೆಗೆ ಸುರಿದಳು. ನಾನು ಹುಬ್ಬೇರಿಸಿದೆ. “ಹಲ್ಲಿಗೆ ಗಟ್ಟಿ ಬೀಜ ಬೇಕನ್ನಿಸ್ತು, ಏನೀಗ?” ಎಂದಳು. ಅವಳಿಗೆ ಆಗ ಹಲ್ಲುಗಳೇ ಹೆಚ್ಚಿರಲಿಲ್ಲ.

ಅಷ್ಟರಲ್ಲಿ ಲ್ಯಾಬು ಬೇರೆ ಊರಿಗೆ ಹೊರಟಿತು, ಜೊತೆಗೆ ಮೇಡಂ. ಹೊರಡುವ ದಿನ ಅವಳು ಬೀಗದಕೈ ಕೊಡಲು ಬಂದಾಗ, ಅಕ್ಕ ಒಳಗಿನಿಂದ ಸ್ಟೀಲ್ ಡಬ್ಬಿಯೊಂದನ್ನು ತಂದು ಅವಳ ಚೀಲಕ್ಕೆ ತುರುಕಿದಳು.

“ಹೊಸ ಪುಡಿ. ನಿನ್ನ ಮಿಷಿನ್ನಿಗೆ ಮೊದಲು ಉಣ್ಣಿಸು, ಆಮೇಲೆ ನೀನು ಉಣ್ಣು.”

“ಉಣ್ಣಿಸ್ತೀನಿ ಅಕ್ಕಯ್ಯ” ಎಂದಳು ಅವಳು, ಪೂರಾ ಗಂಭೀರವಾಗಿ. ಸುಳ್ಳಿಗಾದರೂ ‘ಛೇ, ಬೇಡ’ ಎನ್ನಬಾರದಿತ್ತೇ? ಅವಳಿಗೆ ಅದು ಬರುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಬಸ್ಸಿನ ಕಂಡಕ್ಟರೊಬ್ಬ ಡಬ್ಬಿ ತಂದುಕೊಟ್ಟ. ನಮ್ಮ ಕಡೆ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಒಳಗೆ ಬೆಲ್ಲದ ತುಂಡಿತ್ತು. ಅದರ ಕೆಳಗೆ ಮಡಿಸಿದ ಕಾಗದ. ಕಾಗದದ ತುಂಬ ಒಂದು ಗೆರೆ, ಕುದಾಪುರದ ಹುಲ್ಲುಗಾವಲಿನ ಹಾಗೆ ಚಪ್ಪಟೆ.

“ಗುಡ್ಡ ಎಲ್ಲೈತೋ?” ಎಂದಳು ಅಕ್ಕ.

“ಇಲ್ಲ.”

“ಚೆನ್ನಾಗಿ ನೋಡು.”

“ಇಲ್ಲವೇ ಅಕ್ಕ.”

ಕಾಗದವನ್ನು ಕಸಿದುಕೊಂಡು ದೇವರ ಪಟದ ಹಿಂದೆ ಸಿಕ್ಕಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಹೊಗೆಗೆ ಬೈದಳು. ಒಲೆ ಹಚ್ಚಿರಲಿಲ್ಲ.

ಮೇಡಂ ಮತ್ತೆ ಬರಲಿಲ್ಲ. ಒಂದೆರಡು ಬಾರಿ ಫೋನು ಬಂತು, ಆಮೇಲೆ ಆ ನಂಬರೂ ಬದಲಾಯಿತು. ಅಕ್ಕ ಹೋಗಿಯೂ ಕೆಲವು ವರ್ಷವಾಯಿತು. ಪಟದ ಹಿಂದಿನ ಕಾಗದದಲ್ಲಿ ಗೆರೆ ಮಾಸಿ, ಈಗ ಬಿಳಿಯಷ್ಟೇ ಉಳಿದಿದೆ.

“ಏನ್ ಕಾಣಿಸ್ತು ಸಾಬ್?” ಎಂದು ಅಂಗಡಿಯ ಹುಡುಗ ಕೇಳಿದ. ಏನೂ ಇಲ್ಲ ಎಂದು ಬೀಜವನ್ನು ಬಾಯಿಗೆ ಹಾಕಿಕೊಂಡೆ. ಬರೀ ಬೆಳಕನ್ನು ನಂಬಬಾರದು ಸರ್ ಎಂದು ಗದರಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಈಗಲೂ ಸುಗ್ಗಿಯಲ್ಲಿ ಮೊರ ಹಿಡಿದು ಕೂರುತ್ತೇನೆ, ಕರಿ ಬೀಜ ಒಲೆಗೆ, ಗಟ್ಟಿಯದು ಪುಡಿಗೆ. ಒಬ್ಬನ ಊಟಕ್ಕೆ ಇಷ್ಟು ವಿಚಾರಣೆ ಅತಿಯೇ ಸರಿ. ಪುಡಿಯನ್ನು ಅದೇ ಸ್ಟೀಲ್ ಡಬ್ಬಿಗೆ ತುಂಬುತ್ತೇನೆ. ಅದೂ ನನ್ನ ಹಾಗೆಯೇ, ಈಗ ಎಲ್ಲಿಗೂ ಹೋಗಿಬರುವುದಿಲ್ಲ.