ಒಂದೇ ಸ್ವರ ಹಿಡಿದ ನಮ್ಮ ಬ್ಯಾಂಡು, ನಿಲಕ್ಕೋಟ್ಟೈ ಮದುವೆಯಲ್ಲಿ

ಮದುವೆಮನೆಯ ಹಿರಿಯ ಅಳಿಯ ಓಡಿಬಂದು ನಮ್ಮ ಆರ್ಗನ್ನಿನ ಪ್ಲಗ್ಗು ಕಿತ್ತ. ನಾನು ಮೈಕಿನ ಮುಂದೆ "ಮ್‌ಮ್‌ಮ್..." ಅಂತ ಒಂದೇ ಸ್ವರ ಹಿಡಿದು ನಿಂತಿದ್ದೆ. ಎದುರಿಗೆ ಮೊದಲ ಸಾಲಿನಲ್ಲಿ ಅಪ್ಪ.

ಅಪ್ಪನ ಮುಖ ನೋಡಿದರೆ ನಿಲ್ಲಿಸಲೂ ಭಯ, ನಿಲ್ಲಿಸದಿರಲೂ ಭಯ...

ಅರವತ್ತರ ದಶಕದ ಮಾತು. ನಿಲಕ್ಕೋಟ್ಟೈಯಲ್ಲಿ ಮಲ್ಲಿಗೆ ಬೆಳೆಯುವವರ ಮನೆಯ ಮದುವೆ. ನಮ್ಮ ಹಾಗೇ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಮಾತಾಡುವ ಜನ.

ನಮ್ಮದು ಬೋಡಿನಾಯಕನೂರಿನ ಬ್ಯಾಂಡು. ಅಣ್ಣ ಆರ್ಗನ್, ಮಾಮನ ಮಗ ಬೋಂಗೋ, ನಾನು ಹಾಡು. ಮೂರೇ ಜನ, ಸದ್ದು ಮಾತ್ರ ಮೂವತ್ತು ಜನರದ್ದು.

ಬೋಡಿಮೆಟ್ಟು ಬೆಟ್ಟದ ಎಸ್ಟೇಟ್ ಬಿಟ್ಟು ತನ್ನ ದೇಶಕ್ಕೆ ಹೊರಟ ದೊರೆಯೊಬ್ಬ ಕೊಟ್ಟುಹೋದ ಆರ್ಗನ್ ಅದು. ಕರೆಂಟಲ್ಲಿ ಓಡುವ ವಾದ್ಯ ಅಂದರೆ ಆಗ ಜನ ಬಗ್ಗಿ ನೋಡುತ್ತಿದ್ದರು, ಒಳಗೆ ಯಾರಾದರೂ ಕೂತಿದ್ದಾರಾ ಅಂತ! ಅಣ್ಣ ಅದರಲ್ಲಿ ಕುಣಿಯುವ ಸಿನಿಮಾ ಟ್ಯೂನ್ ಬಾರಿಸಿದರೆ ಅಡಿಗೆಯವರೂ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು.

ತೇನಿಯಿಂದ ದಿಂಡಿಗಲ್‌ವರೆಗೆ ನಮ್ಮನ್ನು ಕರೆಯದ ಮದುವೆಯೇ ಇಲ್ಲ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಅಷ್ಟರಲ್ಲಿ ಅಣ್ಣ ಏಲಕ್ಕಿ ಕೊಯ್ಲು ನೋಡಿಕೊಳ್ಳಲು ಒಂದು ಸೀಸನ್ ಬೋಡಿಮೆಟ್ಟಿಗೆ ಹೋದ. ಇಳಿದು ಬಂದವನು ಬೇರೆಯೇ ಆಳು.

ಅಲ್ಲಿ ಮಂಜು ಬಂದರೆ ಏನೂ ಕಾಣುವುದಿಲ್ಲವಂತೆ, ಬರೀ ಕೇಳುವುದಂತೆ. ಗಾಳಿ, ತೊರೆ, ಎಲೆಯಿಂದ ತೊಟ್ಟಿಕ್ಕುವ ನೀರು. ಇನ್ನು ಮೇಲೆ ನಮ್ಮ ಬ್ಯಾಂಡು ಅದನ್ನೇ ಬಾರಿಸಬೇಕಂತೆ.

"ಪಾಟು ಓಡ್ಲೇಬೇಕು ಅಂತ ಯಾರ್ ಹೇಳಿದ್ದು? ನಿಂತ್ರೂ ಪಾಟೇ" ಅಂದ.

ಪಾಟು ಅಂದರೆ ಹಾಡು. ನಮ್ಮ ಮನೆಮಾತಿನಲ್ಲಿ ತಮಿಳು ಹೀಗೇ ನುಗ್ಗಿ ಕೂತಿರುತ್ತದೆ. ನಾನು ಕನ್ನಡ ಬರೆಯಲು ಕಲಿತದ್ದೇ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣ ಒಂದು ಕೀ ಒತ್ತಿದನೆಂದರೆ ಬಿಡಲೇ ಒಲ್ಲ. ಬೋಂಗೋ ಹೊಡೆಯಬೇಡ, ಅಂಗೈಯಲ್ಲಿ ಸವರು ಅಂತ ಮಾಮನ ಮಗನಿಗೆ ಆರ್ಡರ್ ಆಯಿತು. "ನಾನೇನ್ ಕರುಗೆ ಮೈ ತೀಡಾಕ್ ಬಂದಿವ್ನಾ?" ಅಂತ ಅವನು ಮಾತು ಬಿಟ್ಟ.

ನನ್ನ ಪಾಲಿಗೆ ಬಂದದ್ದು ಬರೀ "ಮ್‌ಮ್‌ಮ್". ಹಲ್ಲುನೋವು ಬಂದವರೂ ಹೀಗೇ ಹಾಡುತ್ತಾರೆ ಅಂತ ನಾನೂ ಜಗಳವಾಡಿದೆ.

ಆದರೆ ಪ್ರಾಕ್ಟೀಸ್ ಮಾಡುತ್ತಾ ಒಂದು ದಿನ, ಆರ್ಗನ್ನಿನ ಸ್ವರ ಯಾವುದು, ನನ್ನದು ಯಾವುದು ಅಂತಲೇ ಗೊತ್ತಾಗಲಿಲ್ಲ. ಮೈ ಜುಮ್ಮೆಂದಿತು. ಅವತ್ತಿಂದ ನಾನು ಅಣ್ಣನ ಪಾರ್ಟಿ.

ಅಪ್ಪ ಒಪ್ಪಲಿಲ್ಲ. ಮಗಳು ಸ್ಟೇಜ್ ಹತ್ತುತ್ತಾಳೆ ಅಂತ ನೆಂಟರು ಮೊದಲೇ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರ ಮುಂದೆ ಎಡವಿ ಬೀಳುವುದು ಅವನಿಗೆ ಬೇಕಿರಲಿಲ್ಲ.

ನಿಲಕ್ಕೋಟ್ಟೈಗೆ ಬಸ್ಸು ಹತ್ತುವಾಗ ಹೇಳಿಯೇಬಿಟ್ಟ. "ಇವತ್ತು ಜನ ಎದ್ದೋದ್ರೆ, ತಾಯಿ, ನಿನ್ ಪಾಟು ಇವತ್ತಿಗೇ ಕಡೆ."

ಅಂಥಾ ದಿನ ಪ್ಲಗ್ಗು ಹೋಯಿತು.

ಅಳಿಯನನ್ನು ಬೈಯುವಂತಿಲ್ಲ. ಅವನು ಕರೆಂಟು ಕೆಲಸದವನು. ಒಂದೇ ಸದ್ದು ಅಷ್ಟು ಹೊತ್ತು ಬರುವುದನ್ನು ಕೇಳಿ, ಕೀ ಸಿಕ್ಕಿಕೊಂಡಿದೆ, ಇನ್ನೇನು ಮೆಷಿನ್ ಸುಟ್ಟುಹೋಗುತ್ತದೆ ಅಂದುಕೊಂಡಿದ್ದಾನೆ. ಪಾಪ, ಉಪಕಾರ ಮಾಡಲು ಬಂದವನು!

ಆರ್ಗನ್ನು ಹೊಟ್ಟೆನೋವಿನ ಎಮ್ಮೆಯ ಹಾಗೆ ನರಳಿ ಸುಮ್ಮನಾಯಿತು. ಮೈಕು ಬ್ಯಾಟರಿಯದ್ದು, ಅದೊಂದು ಜೀವಂತ. ಜನ ಎಲೆ-ಅಡಿಕೆ ಉಗಿಯುವ ನೆಪದಲ್ಲಿ ಒಬ್ಬೊಬ್ಬರಾಗಿ ಏಳತೊಡಗಿದರು.

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ದಿನವೇ ಬರುವುದಿಲ್ಲ ಅಂತ ಗೊತ್ತಿತ್ತಲ್ಲ... ಉಸಿರು ಕದ್ದು ಕದ್ದು ಎಳೆದೆ. ಕಣ್ಣಲ್ಲಿ ನೀರು.

ಸ್ಟೇಜಿನ ಪಕ್ಕದಲ್ಲಿ ಮದುಮಗಳ ಅಜ್ಜಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು. ಬುಟ್ಟಿ ಬದಿಗಿಟ್ಟು ನನ್ನ ಹತ್ತಿರ ಬಂದಳು. ಸಾಕು ಮಾಡು ಅನ್ನುತ್ತಾಳೆ ಅಂತ ನಾನು ಕಣ್ಣು ಮುಚ್ಚಿಕೊಂಡೆ.

"ಇನ್ನೂ ಎಷ್ಟೊತ್ ಎಳೀತೀಯೆ ನನ್ ಕಣ್ಣು, ನಾನ್ ಎತ್ಕೊಳ್ಳಾ?"

ಅಜ್ಜಿಯ ಮಾತು ಮೈಕಿಗೇ ಬಿತ್ತು. ಮನೆಯ ಕನ್ನಡದಲ್ಲಿ!

ಆಮೇಲೆ ಗೊತ್ತಾಯಿತು. ಅವಳ ಕಾಲದಲ್ಲಿ ಮದುವೆಗೆ ಸೋಬಾನೆ ಹಾಡುವಾಗ, ಒಬ್ಬಳು ಮೊದಲು ಹೀಗೇ ಸ್ವರ ಹಿಡಿದು ಕಾಯಬೇಕು, ಹಿರಿಯಳು ಬಂದು ಹಾಡು ಎತ್ತಿಕೊಳ್ಳಬೇಕು. ಮೈಕ್‌ಸೆಟ್ ಬಂದ ಮೇಲೆ ಅವರನ್ನು ಕೇಳಿದವರೇ ಇಲ್ಲ.

ಇವತ್ತು ನಾವು ತನಗಾಗಿಯೇ ಕಾಯುತ್ತಿದ್ದೇವೆ, ತಾನೇ ಹೂವು ಕಟ್ಟುತ್ತಾ ತಡ ಮಾಡಿಬಿಟ್ಟೆ ಅಂತ ತಿಳಿದಿದ್ದಾಳೆ!

ಅಲ್ಲ ಅನ್ನಲು ನನ್ನ ಬಾಯಿಗೆ ಬಿಡುವು ಇರಲಿಲ್ಲ. ಹೂಂ ಅಂತ ತಲೆ ಆಡಿಸಿದೆ.

"ಮಲ್ಲೆ ತಂದೋರ್ ಯಾರು, ಮನೆ ತುಂಬೋರ್ ಯಾರು..." ಎತ್ತಿಯೇಬಿಟ್ಟಳು ಅಜ್ಜಿ. ಗೊರಗೊರ ಗಂಟಲು, ಆದರೆ ಸ್ವರ ಅಲ್ಲಾಡಲಿಲ್ಲ.

ಎದ್ದು ಹೊರಟಿದ್ದವರು ಅಲ್ಲೇ ನಿಂತಿದ್ದಾರೆ. ಅಡಿಗೆಯ ಕಡೆಯಿಂದ ಮುದುಕಿಯರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಸೊಲ್ಲು ಸೇರಿಸುತ್ತಿದ್ದಾರೆ. ಅಳಿಯ ಯಾರೂ ಹೇಳದೆ ಮೆಲ್ಲಗೆ ಪ್ಲಗ್ಗು ವಾಪಸ್ ಚುಚ್ಚುತ್ತಾನೆ, ಅಣ್ಣನ ಸ್ವರ ಕೆಳಗಿನಿಂದ ಬಂದು ನಮ್ಮನ್ನೆಲ್ಲ ಹೊತ್ತುಕೊಳ್ಳುತ್ತದೆ. ಮಾಮನ ಮಗ ಮುಖ ಊರಗಲ ಮಾಡಿಕೊಂಡು ಬೋಂಗೋ ಸವರುತ್ತಿದ್ದಾನೆ.

ಅಷ್ಟೊಂದು ಸ್ಟೇಜ್ ಹತ್ತಿದವಳು ನಾನು, ಎಲ್ಲೆಲ್ಲೂ ತಮಿಳು ಹಾಡೇ. ಮೈಕಿನಲ್ಲಿ ನಮ್ಮ ಮನೆಮಾತು ಹಾಡಾಗಿ ಕೇಳಿದ್ದು ಅವತ್ತೇ ಮೊದಲು. ಈಗ ಬರೆಯುವಾಗಲೂ ಅದನ್ನೇ ಗುನುಗುತ್ತಿದ್ದೇನೆ.

ಅಪ್ಪನಾ? ಆಮೇಲೆ ಬ್ಯಾಂಡು ಗೊತ್ತುಮಾಡಲು ಬಂದವರಿಗೆಲ್ಲ ಅವನದೊಂದೇ ಪ್ರಶ್ನೆ. "ನಮ್ ಮಗ್ಳು ಸ್ವರ ಹಿಡೀತಾಳೆ. ಎತ್ಕೊಳ್ಳಾಕೆ ನಿಮ್ಮನೇಲಿ ಅಜ್ಜಿ ಅವ್ಳಾ? ಮೊದ್ಲು ಅದ ಹೇಳಿ."

ನಿಮ್ಮ ಮನೆಯ ಅಜ್ಜಿ ಯಾವ ಹಾಡು ಎತ್ತಿಕೊಳ್ಳಲು ಕಾಯುತ್ತಿದ್ದಾಳೆ, ಒಂದು ಸಲವಾದರೂ ಸ್ವರ ಹಿಡಿದು ನೋಡಿದ್ದೀರಾ?