ಅರ್ಲೀನ್ ಹೇಳಿದ ಅದಲುಬದಲು

ಅಕ್ಟೋಬರ್ ಕಳೆದು ಬೇಸ್‌ಬಾಲ್ ನಿಂತ ಮೇಲೆಯೇ ನಮ್ಮೂರಿನವರ ಬಾಯಿ ತೆರೆಯುವುದು. ಬೇಸಿಗೆಯಲ್ಲಿ ಆಟ ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ಮೈದಾನದ ಮೇಲೆ ಮೊಣಕಾಲುದ್ದ ಹಿಮ ಬಿದ್ದಿರುವಾಗ, ಯಾರನ್ನು ತಂಡಕ್ಕೆ ಸೇರಿಸಿಕೊಳ್ಳಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು ಎಂದು ಜಗಳ ಕಾಯುವವರೇ ನಿಜವಾದ ಅಭಿಮಾನಿಗಳು ಎಂಬುದು ನನ್ನ ಲೆಕ್ಕ. ನಮ್ಮ ಅಯೋವಾದ ಈ ಮೂಲೆಯಲ್ಲಿ ಆ ಜಗಳ ನಡೆಯುವುದು ನನ್ನ ಬೀಜದಂಗಡಿಯಲ್ಲಿ. ಮೆಕ್ಕೆಜೋಳದ ಬೀಜ ಕೊಳ್ಳಲು ಮಾರ್ಚ್‌ವರೆಗೆ ಒಬ್ಬನೂ ಬರುವುದಿಲ್ಲ. ಕಾಫಿ ಕುಡಿಯಲು ಎಲ್ಲರೂ ಬರುತ್ತಾರೆ, ಕುಡಿದ ಲೋಟವನ್ನು ಮಾತ್ರ ಒಬ್ಬನೂ ತೊಳೆಯುವುದಿಲ್ಲ.

ಈ ಗಂಡಸರ ಗುಂಪಿನಲ್ಲಿ ಇದ್ದ ಒಬ್ಬಳೇ ಹೆಂಗಸು ಅರ್ಲೀನ್ ವೋಸ್. ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಮಧ್ಯಾಹ್ನದ ಊಟ ಬಡಿಸಿ, ಪಾತ್ರೆ ಮುಗಿಸಿ, ಈರುಳ್ಳಿ ವಾಸನೆಯ ಕೋಟು ತೊಟ್ಟು ನೇರ ನನ್ನ ಅಂಗಡಿಗೆ ಬರುತ್ತಿದ್ದಳು. ಅವಳು ಬಂದಳೆಂದರೆ ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಿದ್ದವರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು.

ಅವಳದ್ದು ಒಂದೇ ಸಿದ್ಧಾಂತ. ತಂಡ ಕಟ್ಟುವಾಗ ಕರುಳಿಗೆ ಕೆಲಸವಿಲ್ಲ. ಊರೆಲ್ಲ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದ ಒಬ್ಬ ಹಳೇ ಆಟಗಾರನನ್ನು ಈ ಚಳಿಗಾಲವೇ ಬೇರೆ ತಂಡಕ್ಕೆ ಕೊಟ್ಟುಬಿಡಬೇಕು ಎಂದು ಒಮ್ಮೆ ಹೇಳಿದ್ದಳು. ಚರ್ಚಿನಲ್ಲಿ ಕೂಡ ಜನ ಅವಳ ಪಕ್ಕ ಕೂರಲಿಲ್ಲ.

"ನೋಡ್ರಪ್ಪ, ಜನ ಇನ್ನೂ ಇಷ್ಟಪಡ್ತಿರೋವಾಗ್ಲೇ ಆಟಗಾರನ್ನ ಕೊಟ್ಬಿಡ್ಬೇಕು. ಇಷ್ಟ ಹೋದ್ಮೇಲೆ ಕೊಡ್ತೀನಿ ಅಂದ್ರೆ ಯಾರು ತಗೊಳ್ತಾರೆ?" ಎಂದಿದ್ದಳು. ಮುಂದಿನ ಬೇಸಿಗೆಯಲ್ಲಿ ಆ ಮನುಷ್ಯನ ಭುಜ ಕೈಕೊಟ್ಟಿತು. ಅರ್ಲೀನ್ ಜಂಬ ಪಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಡೀ ವರ್ಷ ನಮ್ಮ ತಲೆ ತಿಂದಳು.

ಸೋಮವಾರ ಸಂಜೆ ನಮ್ಮ ಕಡೆಯ ರೇಡಿಯೊದಲ್ಲಿ ಗಸ್ ಎಂಬವನು ಒಂದು ಕಾರ್ಯಕ್ರಮ ನಡೆಸುತ್ತಿದ್ದ. ಕೇಳುಗರು ಫೋನ್ ಮಾಡಿ ತಂಡದ ಬಗ್ಗೆ ಮಾತಾಡಬಹುದು, ಒಬ್ಬರಿಗೆ ಒಂದು ಸಂಜೆಗೆ ಒಂದೇ ಕರೆ. ಬೇರೆಯವರು ಫೋನ್ ಮಾಡಿದರೆ ಗಸ್ ಅರ್ಧಕ್ಕೇ ಬಾಯಿ ಹಾಕುತ್ತಿದ್ದ. ಅರ್ಲೀನ್ ಮಾಡಿದರೆ ಮಾತ್ರ ಮುಗಿಯುವವರೆಗೆ ಕೇಳುತ್ತಿದ್ದ, ಏಕೆಂದರೆ ಶಾಲೆಯಲ್ಲಿದ್ದಾಗ ಅವಳ ಕೈಯ ಅಡುಗೆ ತಿಂದೇ ಬೆಳೆದವನು.

ಇನ್ನು ಅವಳ ಮನೆಯ ಮಹಡಿ ಕೋಣೆಯ ವಿಷಯ. ನಾವೆಲ್ಲ ಹಗಲಿರುಳು ಮಾತಾಡುತ್ತಿದ್ದ ಆ ದೊಡ್ಡ ತಂಡ ತನ್ನ ಎಳೆಯ ಆಟಗಾರರನ್ನು ಪಳಗಿಸಲು ನಮ್ಮೂರಲ್ಲಿ ಒಂದು ಕಿರಿಯ ತಂಡ ಇಟ್ಟಿತ್ತು. ಆ ಹುಡುಗರಿಗೆ ಸಿಗುತ್ತಿದ್ದ ಸಂಬಳದಲ್ಲಿ ಬಾಡಿಗೆ ಮನೆ ಹಿಡಿಯುವುದು ಆಗದ ಮಾತು. ಹಾಗಾಗಿ ಊರಿನವರೇ ಒಬ್ಬೊಬ್ಬರನ್ನು ಮನೆಯಲ್ಲಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಊಟ ಹಾಕುತ್ತಿದ್ದೆವು. ಅರ್ಲೀನಳ ಮಹಡಿ ಕೋಣೆಯಲ್ಲಿ ಎಷ್ಟೋ ಜನ ಬಂದು ಹೋಗಿದ್ದರು. "ಇವರು ಬೇಸಿಗೆ ಮಕ್ಕಳು, ನನ್ನ ಮಕ್ಕಳಲ್ಲ" ಎನ್ನುತ್ತಿದ್ದಳು. ಹೇಳುವುದಷ್ಟೇ ಅಲ್ಲ, ಹಾಗೇ ನಡೆದುಕೊಳ್ಳುತ್ತಿದ್ದಳು ಕೂಡ. ತನ್ನ ಮನೆಯಲ್ಲೇ ಇದ್ದ ಹುಡುಗನೊಬ್ಬನಿಗೆ ತಿರುಗುವ ಚೆಂಡು ಹೊಡೆಯಲು ಬರುವುದಿಲ್ಲ, ಯಾರಾದರೂ ಕೇಳಿದರೆ ಕೊಟ್ಟು ಕೈ ತೊಳೆದುಕೊಳ್ಳಿ ಎಂದು ರೇಡಿಯೊದಲ್ಲಿ ಹೇಳಿ, ಫೋನಿಟ್ಟು, ಅವನ ಎದುರಿಗೇ ಊಟಕ್ಕೆ ಕೂತಿದ್ದಳು. ಆ ಹುಡುಗ ಕಮಕ್ ಕಿಮಕ್ ಅನ್ನದೆ ಎರಡನೇ ಸಲ ಆಲೂಗಡ್ಡೆ ಹಾಕಿಸಿಕೊಂಡನಂತೆ.

ಹೀಗಿದ್ದವಳ ಮನೆಗೆ ಓರಿನ್ ಟಿಲ್‌ಮನ್ ಬಂದ. ಅಲಬಾಮಾದವನು, ಆ ಕಡೆಯ ರೂಢಿಯಂತೆ ಮದುವೆಯಾದ ಅರ್ಲೀನಳನ್ನೂ ಮಿಸ್ ಅರ್ಲೀನ್ ಎಂದೇ ಕರೆಯುತ್ತಿದ್ದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಂಥ ಆಳು. ಫಸ್ಟ್ ಬೇಸ್‌ನಲ್ಲಿ ಆಡುತ್ತಿದ್ದ. ಚೆಂಡು ಬ್ಯಾಟಿಗೆ ಸರಿಯಾಗಿ ಸಿಕ್ಕಿತೆಂದರೆ ಬೇಲಿ ದಾಟಿ, ಕಾರುಗಳು ನಿಲ್ಲುವ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಓಡುವುದು ಮಾತ್ರ ಕೇಳಬೇಡಿ, ಫಸ್ಟ್ ಬೇಸಿನಲ್ಲಿ ಹೆಚ್ಚು ಓಡಬೇಕಿಲ್ಲ ಎಂದೇ ಅವನು ಅಲ್ಲಿದ್ದ. ಅವನನ್ನು ಸಾಕಿದ ಅಜ್ಜಿ ತೀರಿಕೊಂಡ ಮೇಲೆ ಚಳಿಗಾಲದಲ್ಲಿ ಹೋಗಲು ಅವನಿಗೆ ಮನೆ ಇರಲಿಲ್ಲ. "ಕೋಣೆ ಹೆಂಗೂ ಖಾಲಿ ಬಿದ್ದಿರುತ್ತೆ" ಎಂದಳು ಅರ್ಲೀನ್. ಅಷ್ಟೇ ಕರೆದದ್ದು. ದೊಡ್ಡ ತಂಡಕ್ಕಿಂತ ಒಂದು ಮೆಟ್ಟಿಲು ಕೆಳಗಿನ ತಂಡಕ್ಕೆ ಏರಿದ ನಂತರವೂ ಆ ವರ್ಷದ ಆಟ ಮುಗಿದ ಕೂಡಲೇ ಅವನು ಇಲ್ಲಿಗೇ ಬರುತ್ತಿದ್ದ. ನನ್ನ ಅಂಗಡಿಯಲ್ಲಿ ಮೂಟೆ ಎತ್ತುತ್ತಿದ್ದ. ಅರ್ಲೀನಳ ಗಂಡ ಮರ್ಲ್‌ಗೂ ಬೇಸ್‌ಬಾಲಿಗೂ ಎಣ್ಣೆ ಸೀಗೆಕಾಯಿ. ಅವನು ಓರಿನ್‌ನನ್ನು ಹೆಪ್ಪುಗಟ್ಟಿದ ಕೆರೆಗೆ ಕರೆದುಕೊಂಡು ಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಇಡೀ ದಿನ ಮಾತಿಲ್ಲದೆ ಗಾಳ ಹಾಕಿ ಕೂರುತ್ತಿದ್ದ. ಇಬ್ಬರಿಗೂ ಅದು ಇಷ್ಟ.

ಹೀಗೇ ಒಂದು ವರ್ಷ ನವೆಂಬರಿನಲ್ಲಿ ದೊಡ್ಡ ತಂಡದವರು ಹೆಸರುವಾಸಿ ಹೊಡೆತಗಾರನೊಬ್ಬನಿಂದ ಸಹಿ ಹಾಕಿಸಿಕೊಂಡರು. ಅವನದ್ದೂ ಫಸ್ಟ್ ಬೇಸ್, ಅಲ್ಲಿ ನಿಲ್ಲಲು ಒಬ್ಬನಿಗಷ್ಟೇ ಜಾಗ. ಒಂದೆರಡು ವರ್ಷಕ್ಕಲ್ಲ, ಅವನ ತಲೆ ನರೆಯುವವರೆಗೆ ಎನ್ನುವಷ್ಟು ದೀರ್ಘ ಒಪ್ಪಂದ. ಅವನನ್ನು ತನ್ನಿ, ತನ್ನಿ ಎಂದು ಎರಡು ಚಳಿಗಾಲ ರೇಡಿಯೊದಲ್ಲಿ ಗಂಟಲು ಹರಿದುಕೊಂಡವಳು ಇದೇ ಅರ್ಲೀನ್. ಸುದ್ದಿ ಬಂದ ದಿನ ನಮಗೆಲ್ಲ ಡೋನಟ್ ತಂದು ಹಂಚಿದಳು. ನಾನು ಒಂದು ಡೋನಟ್ ತಿಂದು, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದೆ.

"ಅದೆಲ್ಲ ಸರಿ ಅರ್ಲೀನ್. ಫಸ್ಟ್ ಬೇಸ್‌ಗೆ ಇವನು ಬಂದ್ನಲ್ಲ, ನಿಮ್ ಓರಿನ್ ಎಲ್ಲಿ ನಿಂತ್ಕೋತಾನೆ?"

"ಲೆಫ್ಟ್ ಫೀಲ್ಡ್" ಎಂದಳು ಥಟ್ಟನೆ. "ಅಲ್ಲೇನ್ ಮಹಾ ಕೆಲ್ಸ ಲೈಲ್? ಎತ್ತರಕ್ಕೆ ಬಂದ ಚೆಂಡು ಹಿಡಿಯೋದು. ಕಲ್ತ್ಕೋತಾನೆ."

ಲೆಫ್ಟ್ ಫೀಲ್ಡಿನಲ್ಲಿ, ಓಡಿ ಓಡಿ ಚೆಂಡು ಹಿಡಿಯಬೇಕಾದ ಮೈದಾನದ ಆ ಎಡತುದಿಯಲ್ಲಿ, ಓರಿನ್ ಆಡಿದ್ದನ್ನು ಒಂದು ಬೇಸಿಗೆ ನಾನು ಕಣ್ಣಾರೆ ನೋಡಿದ್ದೆ. ಅವಳೂ ನನ್ನ ಪಕ್ಕದಲ್ಲೇ ಕೂತು ನೋಡಿದ್ದಳು. ಚೆಂಡು ಬಂದು ಬಿದ್ದು, ಉರುಳಿ, ಬೇಲಿಗೆ ತಾಗಿ ನಿಂತು ಸುಧಾರಿಸಿಕೊಂಡ ಮೇಲೆ ಇವನು ಅಲ್ಲಿಗೆ ಮುಟ್ಟುತ್ತಿದ್ದ. ಬೇರೆ ಯಾರ ವಿಷಯವಾದರೂ ಆಗಿದ್ದರೆ ಅರ್ಲೀನ್ ಇಂಥ ಮಾತು ಆಡಿದವನ ಮಾನ ಕಳೆಯುತ್ತಿದ್ದಳು. ನಾನು ಎರಡನೇ ಡೋನಟ್ ತಿಂದೆ.

ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. ನಮ್ಮ ತಂಡಕ್ಕೆ ಒಳ್ಳೆಯ ಕ್ಯಾಚರ್ ಇಲ್ಲ, ಎಂದರೆ ಹೊಡೆಯುವವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಪಶ್ಚಿಮದ ಇನ್ನೊಂದು ತಂಡದ ಬಳಿ ಇದ್ದಾನೆ, ಅವರು ಕೊಡಲು ತಯಾರಿದ್ದಾರೆ. ಬದಲಿಗೆ ಓರಿನ್ ಬೇಕಂತೆ. ಅವರ ಫಸ್ಟ್ ಬೇಸ್ ಖಾಲಿ ಇತ್ತು, ಆಟ ಶುರುವಾದ ದಿನವೇ ಇವನನ್ನು ದೊಡ್ಡ ಮೈದಾನಕ್ಕೆ ಇಳಿಸುತ್ತಾರೆ. ನನ್ನ ಅಂಗಡಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಅದಲುಬದಲು. ಸೋಮವಾರ ಅರ್ಲೀನ್ ಏನು ಹೇಳುತ್ತಾಳೆ ಎಂದು ಎಲ್ಲರ ಕಿವಿ ರೇಡಿಯೊ ಕಡೆಗೆ.

ಆ ಸೋಮವಾರ ನಾನು ಅವರ ಮನೆಗೇ ಊಟಕ್ಕೆ ಹೋಗಿದ್ದೆ. ಅಡುಗೆಮನೆಯ ಮೇಜಿಗೆ ಮರ್ಲ್, ಓರಿನ್, ನಾನು. ಅರ್ಲೀನ್ ನಡುಮನೆಯ ಫೋನಿನ ಬಳಿ ನಿಂತಿದ್ದಳು. ಅವಳ ದನಿ ಒಂದು ಕಡೆ ಬಾಗಿಲಿನಿಂದ, ಇನ್ನೊಂದು ಕಡೆ ರೇಡಿಯೊದಿಂದ ಬರುತ್ತಿತ್ತು.

"ಕೊಡಬಾರ್ದು ಗಸ್" ಎಂದಳು. "ಕ್ಯಾಚರ್‌ಗಳ ಮಂಡಿ ಎಷ್ಟು ದಿನ ಬರುತ್ತೆ? ಓರಿನ್ ಲೆಫ್ಟ್ ಫೀಲ್ಡ್ ಆಡ್ತಾನೆ. ಇನ್ನೊಂದೆರಡು ವರ್ಷ ಕಾಯ್ಲಿ, ಅವಸರ ಏನು?"

ಗಸ್‌ಗೆ ನಂಬಿಕೆಯೇ ಬರಲಿಲ್ಲ. "ಅರ್ಲೀನ್, ನೀವೇನಾ ಮಾತಾಡ್ತಿರೋದು?" ಎಂದ.

"ಇನ್ಯಾರು, ನಿಮ್ಮಜ್ಜೀನಾ?" ಎಂದು ಫೋನು ಕುಕ್ಕಿ ಬಂದು ಕೂತಳು. ಯಾರ ಮುಖವನ್ನೂ ನೋಡದೆ ಬಟಾಣಿ ಬಡಿಸಿದಳು. ಓರಿನ್ ಚಮಚ ಕೆಳಗಿಟ್ಟ.

"ಮಿಸ್ ಅರ್ಲೀನ್, ನಾನು ಲೆಫ್ಟ್ ಫೀಲ್ಡಲ್ಲಿ ಆಡೋಕಾಗುತ್ತಾ?"

"ಕಲ್ತ್ರೆ ಯಾಕಾಗಲ್ಲ?"

"ಆಗುತ್ತಾ ಅಂತ ಕೇಳ್ದೆ."

ಅರ್ಲೀನ್ ಬಟಾಣಿಯ ಪಾತ್ರೆಯನ್ನೇ ನೋಡಿದಳು. "ಇಲ್ಲ" ಎಂದಳು. "ನಿನ್ ಕಾಲಲ್ಲಿ ಆಗೋ ಕೆಲ್ಸ ಅಲ್ಲ ಅದು."

"ಮತ್ತೆ ಇಲ್ಲೇ ಇದ್ರೆ ನಾನೆಲ್ಲಿ ಆಡ್ಲಿ?"

ಅವಳು ಬಟಾಣಿಯ ಪಾತ್ರೆಯನ್ನು ಆಚೆ ಸರಿಸಿದಳು. ಓರಿನ್ ದನಿ ಏರಿಸುವವನಲ್ಲ. ಆಗಲೂ ಏರಿಸಲಿಲ್ಲ, ಆದರೆ ಅವನಿಗೆ ನೋವಾಗಿತ್ತು. "ಎಲ್ರೂ ನಂಗೆ ಬೆಣ್ಣೆ ಹಚ್ತಾರೆ. ಕೋಚು, ಪೇಪರ್‌ನವ್ರು, ಈ ಲೈಲ್ ಕೂಡ. ನೀವೊಬ್ರೇ ಇದ್ದದ್ದು ಇದ್ದಂಗೆ ಹೇಳ್ತಿದ್ರಿ. ಚೆನ್ನಾಗಿ ಹೊಡೀತೀಯ ಅಂತ ನೀವು ಅಂದಾಗ ಮಾತ್ರ ನಾನು ನಂಬ್ತಿದ್ದೆ. ಇವತ್ತು ನೀವೂ ಸುಳ್ಳು ಹೇಳಿದ್ರೆ, ಹಿಂದೆ ಹೇಳಿದ್ದನ್ನ ನಾನು ಹೆಂಗೆ ನಂಬ್ಲಿ?"

ನಾನು ಬೆಣ್ಣೆ ಹಚ್ಚಿದ್ದು ನಿಜ. ಮರ್ಲ್ ತಟ್ಟೆಯಿಂದ ತಲೆ ಎತ್ತದೆ, "ಹುಡುಗ ಸರಿಯಾಗೇ ಹೇಳ್ತಿದ್ದಾನೆ ಅರ್ಲೀನ್" ಎಂದ. ಬೇಸ್‌ಬಾಲ್ ಬಗ್ಗೆ ಅವನು ಜನ್ಮದಲ್ಲಿ ಕೊಟ್ಟ ಮೊದಲ ಅಭಿಪ್ರಾಯ ಅದು.

ಅರ್ಲೀನ್ ಎದ್ದು ಹೋಗಿ ಮತ್ತೆ ಫೋನ್ ಮಾಡಿದಳು. ಒಂದೇ ಕರೆಯ ನಿಯಮ ಗಸ್‌ಗೂ ಮರೆತು ಹೋಯಿತು.

"ನಾನು ಆಗ್ಲೇ ಹೇಳಿದ್ದು ಸುಳ್ಳು" ಎಂದಳು. ಎಲ್ಲರಿಗೂ ಕೇಳಿಸಿತು. "ಓರಿನ್ ಟಿಲ್‌ಮನ್ ಲೆಫ್ಟ್ ಫೀಲ್ಡ್ ಆಡೋನಲ್ಲ. ಇಲ್ಲೇ ಇಟ್ಕೊಂಡ್ರೆ ಬೆಂಚಿನ ಮೇಲೆ ಕೂತು ತುಕ್ಕು ಹಿಡೀತಾನೆ. ಅವನು ದೊಡ್ಡ ಆಟಕ್ಕೆ ತಯಾರಾಗಿದಾನೆ. ಹೊಡಿಯೋದ್ರಲ್ಲಿ ಅಂಥವನ್ನ ನಾನು ಈ ಊರಲ್ಲಿ ನೋಡಿಲ್ಲ. ಹುಡುಗನ್ನ ಕೊಟ್ಬಿಡ್ಲಿ." ಆ ರಾತ್ರಿ ಓರಿನ್ ಎದ್ದು ಪಾತ್ರೆ ತೊಳೆದ.

ಅರ್ಲೀನ್ ಹೇಳಿದಳೆಂದು ದೊಡ್ಡ ತಂಡದವರು ಹಾಗೆ ಮಾಡಿದರು ಎಂದು ಯಾರೂ ತಿಳಿಯಬಾರದು. ಇಂಥವಳೊಬ್ಬಳು ಭೂಮಿಯ ಮೇಲಿದ್ದಾಳೆಂದೇ ಅವರಿಗೆ ಗೊತ್ತಿರಲಿಲ್ಲ. ಆ ವಾರವೇ ಅದಲುಬದಲಾಯಿತು. ಇವನನ್ನು ಕೊಟ್ಟು ಅವನನ್ನು ತಂದರು, ಅತ್ತ ಒಬ್ಬ, ಇತ್ತ ಒಬ್ಬ. ಹೊಸ ತಂಡದವರು ಓರಿನ್‌ಗೆ ಅಭ್ಯಾಸಕ್ಕೆ ಬೇಗ ಹೊರಟು ಬರಲು ಹೇಳಿದರು.

ಅವನು ಹೊರಟದ್ದು ಮುಂದಿನ ಸೋಮವಾರ, ಪಕ್ಕದ ಊರಿನಿಂದ ಸಂಜೆ ಬಿಡುವ ಬಸ್ಸಿಗೆ. ಮರ್ಲ್‌ನ ಗಾಡಿ ಚಳಿಗೆ ಕೆಟ್ಟು ಕೂತಿತ್ತು, ಹಾಗಾಗಿ ನನ್ನ ಟ್ರಕ್ಕಿನಲ್ಲಿ ಕರೆದುಕೊಂಡು ಹೋಗಬೇಕಾಯಿತು. ಅರ್ಲೀನ್ ಬಾಗಿಲ ಬಳಿಯೇ ನಿಂತು ಅವನ ಕೈಗೆ ಸ್ಯಾಂಡ್‌ವಿಚ್ ಪೊಟ್ಟಣ ತುರುಕಿದಳು.

"ಟೋಪಿ ಹಾಕ್ಕೋ. ಅಲ್ಲಿಯವ್ರು ಮೊದ್ಲು ಮೈ ಹತ್ರಾನೇ ಚೆಂಡು ಹಾಕಿ ಹೆದರಿಸ್ತಾರೆ, ಹಿಂದೆ ಸರೀಬೇಡ. ಹೋಗು, ಹೋಗು, ನಾನು ಬಸ್ ನಿಲ್ದಾಣಕ್ಕೆ ಬರಲ್ಲ. ಗಸ್ ಕಾರ್ಯಕ್ರಮ ಇದೆ" ಎಂದು ಬಾಗಿಲು ಹಾಕಿಕೊಂಡಳು. ಓರಿನ್ ಮುಚ್ಚಿದ ಬಾಗಿಲನ್ನು ನೋಡುತ್ತ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದ. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಒಂದು ಸಂಜೆ ಆ ರೇಡಿಯೊ ಇಲ್ಲದಿದ್ದರೆ ಪ್ರಾಣ ಹೋಗುತ್ತಿತ್ತೇ?

ಊರು ದಾಟಿದ ಮೇಲೆ ಓರಿನ್ ತಾನೇ ರೇಡಿಯೊ ಹಾಕಿದ. ಅವಳ ದನಿ ಆಗಲೇ ಬರುತ್ತಿತ್ತು.

"ನಾವು ಟೋಪಿ ಹಾಕಿಸ್ಕೊಂಡ್ವಿ ಗಸ್. ಒಬ್ಬ ಕ್ಯಾಚರ್‌ಗೆ ಓರಿನ್ ಟಿಲ್‌ಮನ್ನಾ? ನಮ್ಮವ್ರಿಗೆ ಬುದ್ಧಿ ಇದೆಯಾ?"

"ಅಲ್ಲಾ, ಹೋದ ವಾರ ನೀವೇ ಅಲ್ವಾ ಕೊಡ್ಲಿ ಅಂದಿದ್ದು?"

"ಕೊಡ್ಲಿ ಅಂದೆ. ಬಿಟ್ಟಿ ಕೊಡ್ಲಿ ಅಂದ್ನಾ?"

ಗಸ್ ನಕ್ಕ. "ಸರಿ, ನೀವೇ ಹೇಳಿ. ಏನು ಕೇಳ್ಬೇಕಿತ್ತು? ಕ್ಯಾಚರ್ ಜೊತೆ ಒಬ್ಬ ಪಿಚರ್?"

"ಸಾಲ್ದು."

"ಇಬ್ರು ಪಿಚರ್?"

"ಸಾಲಲ್ಲ ಅಂದ್ನಲ್ಲ."

"ಅವರ ಇಡೀ ತಂಡಾನೇ ಎತ್ಕೊಂಡ್ ಬರೋಣ್ವಾ? ಯಾರು ಬೇಕು ಅಂತ ಹೇಳಿ ಅರ್ಲೀನ್."

ಅವಳು ಸುಮ್ಮನಾದಳು. ಯಾವ ಆಟಗಾರನ ಹೆಸರು ಹೇಳಿದರೂ ಅವನಿಗೆ ಸಾಟಿಯಾಗಿ ಯಾರನ್ನು ಕೇಳಬೇಕು ಎಂದು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದವಳು ಅವಳು. ಗಸ್ ಕೂಡ ನಗು ನಿಲ್ಲಿಸಿದ. ರೇಡಿಯೊದಲ್ಲಿ ಬರೀ ಗರಗರ ಸದ್ದು. ಲೈನ್ ಕಟ್ಟಾಯಿತು ಎಂದುಕೊಂಡೆ.

"ನಂಗೊತ್ತಿಲ್ಲ ಕಣೋ" ಎಂದಳು. ದನಿ ಒಡೆದಿತ್ತು. "ಅವನ ಬದ್ಲಿಗೆ ಯಾರನ್ನ ಕೊಟ್ರೂ ನಂಗೆ ಬೇಡ."

ಗಸ್ ಜಾಹೀರಾತು ಹಾಕಿಬಿಟ್ಟ. ಓರಿನ್ ಕೈಗವಸಿನಿಂದ ಮುಖ ಒರೆಸಿಕೊಂಡ. ನನ್ನ ಕಣ್ಣೂ ಮಂಜಾಗಿದ್ದರಿಂದ ಟ್ರಕ್ ನಿಧಾನ ಮಾಡಿದೆ. "ಲೈಲ್" ಎಂದ ಅವನು, "ಗಾಡಿ ತಿರುಗಿಸ್ತೀರಾ?" ಬಸ್ಸಿನ ಮಾತು ನಾನೂ ಎತ್ತಲಿಲ್ಲ.

ಬಾಗಿಲು ತೆರೆದ ಅರ್ಲೀನಳ ಕಣ್ಣು ಮೂಗು ಎಲ್ಲ ಕೆಂಪಾಗಿತ್ತು. ನಮ್ಮನ್ನು ನೋಡಿ ಅವಳಿಗೆ ಸಿಟ್ಟೇ ಬಂತು.

"ಏನ್ ಮರ್ತು ಹೋಗಿದ್ಯೋ?"

"ಏನೂ ಇಲ್ಲ ಮಿಸ್ ಅರ್ಲೀನ್" ಎಂದ ಓರಿನ್. "ಊಟ ಮಾಡ್ಕೊಂಡು ಹೋಗ್ತೀನಿ."

"ಬಸ್ಸು?"

"ನಾಳೇನೂ ಇದೆ."

ಅವಳು ಅವನ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದಳು.